ತಾಯಿ ನಾಯಿಯ ಸುದ್ದಿ ಬರೆಯದ ಸರ್ಟಿಫಿಕೇಟ್

ಗಾಡಿ ಹೊಡೆಯುವವನ ಮಗ ಡಾಕ್ಟರಾಗುವುದು ಆಗದ ಮಾತು ಎಂದವರು ಮೊಣ್ಣಪ್ಪ ಸಾಹುಕಾರರು. ಚೆಟ್ಟಳ್ಳಿ ಕಡೆಯ ಅವರ ಎಸ್ಟೇಟಿನಿಂದ ನನ್ನಪ್ಪ ಎತ್ತಿನ ಗಾಡಿಯಲ್ಲಿ ಕಾಫಿ ಮೂಟೆ ಸಾಗಿಸುತ್ತಿದ್ದ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು ನಾವು. ಅಕ್ಕ ಗೌರಮ್ಮ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಹಾಲು ಮಾರಿ ನನ್ನನ್ನು ಓದಿಸಿದಳು. ಮದರಾಸಿನಲ್ಲಿ ಪದವಿ ಮುಗಿಸಿ ವೆಟರ್ನರಿ ಅಸಿಸ್ಟೆಂಟ್ ಸರ್ಜನ್ ಆಗಿ ನಾನು ಅದೇ ಸೀಮೆಗೆ ಬಂದಾಗ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿತ್ತು.

ಒಂದು ಬೇಸಿಗೆಯಲ್ಲಿ ಸಾಹುಕಾರರೇ ಜೀಪು ಕಳಿಸಿದರು. ಅವರ ಅಲ್ಸೇಷಿಯನ್ ಮರಿಗಳಿಗೆ ಏಳು ವಾರ ತುಂಬಿತ್ತು. ಆರು ಮರಿ, ಐದಕ್ಕೆ ಆಗಲೇ ಕೊಳ್ಳುವವರು ಗೊತ್ತಾಗಿದ್ದರು. ಆರೋಗ್ಯದ ಜೊತೆ ಟೆಂಪರಮೆಂಟ್, ಅಂದರೆ ಸ್ವಭಾವವೂ ಒಳ್ಳೆಯದೆಂದು ನಾನು ಬರೆದುಕೊಡಬೇಕಿತ್ತು. ಮರಿ ಕೇಳಿ ಬಂದವರಿಗೆಲ್ಲ ಅವರು ತೋರಿಸುತ್ತಿದ್ದುದು ಗಂಡು ನಾಯಿಯನ್ನು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಕೋವಿ ಹಾರಿಸುವಾಗಲೂ ಮಲಗಿದಲ್ಲಿಂದ ಕದಲದ ನಾಯಿ ಅದು. ಬಂದವರಿಗೆ ಅಷ್ಟೇ ಸಾಕಿತ್ತು.

ತಾಯಿಯನ್ನು ಕಾಫಿ ಕಣದ ಹಿಂದೆ ಕಟ್ಟಿದ್ದರು. ನನ್ನನ್ನು ಕಂಡದ್ದೇ ಗೋಡೆಗೆ ಒತ್ತಿಕೊಂಡು, ಬಾಲ ಹೊಟ್ಟೆಗೆ ಸೇರಿಸಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಹಲ್ಲು ತೋರಿಸಿತು. ಅಷ್ಟರಲ್ಲಿ ಕಣದಲ್ಲಿ ಯಾರೋ ಡಬ್ಬ ಕೆಡವಿದರು. ಆರು ಮರಿಗಳೂ ತಾಯಿಯ ಹೊಟ್ಟೆಯಡಿ ನುಗ್ಗಿ ಅವಳಂತೆಯೇ ಗುರುಗುಟ್ಟಿದವು. ಅವು ದಿನವಿಡೀ ನೋಡುತ್ತಿದ್ದುದು ಅವಳನ್ನೇ. ಅಪ್ಪನನ್ನು ನೋಡಿಯೇ ಇರಲಿಲ್ಲ. ಅಂಜುಬುರುಕ ತಾಯಿಯ ಭಯ ರಕ್ತದಲ್ಲೂ ಬರುತ್ತದೆ, ನೋಡಿ ಕಲಿತೂ ಬರುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಸಾಹುಕಾರರಿಗೆ ಅದನ್ನೇ ಹೇಳಿದೆ.

ಅವರು ನಕ್ಕರು. "ನಿಮ್ಮಪ್ಪನಿಗೆ ಅಕ್ಷರ ಬರ್ತಿರಲಿಲ್ಲ ಡಾಕ್ಟ್ರೇ. ನಿಮಗೆ ಬರ್ಲಿಲ್ವಾ?"

ಆ ಬಾಯಿಂದ 'ಡಾಕ್ಟ್ರೇ' ಎಂಬ ಮಾತು ಕೇಳಲು ನಾನು ಹದಿನೈದು ವರ್ಷ ಕಾದಿದ್ದೆ. ಹುಟ್ಟಿನಿಂದ ಏನೂ ನಿಶ್ಚಯವಾಗುವುದಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ ಎಂಬ ಹೆಮ್ಮೆ ಬೇರೆ. ಆರೂ ಸರ್ಟಿಫಿಕೇಟಿಗೆ ಸಹಿ ಮಾಡಿದೆ. ಸಾಹುಕಾರರು ಖುಷಿಯಾಗಿ ಒಂದು ಮರಿಯನ್ನು ನನಗೇ ಕೊಟ್ಟರು.

ಅದನ್ನು ಅಕ್ಕನ ಮನೆಗೆ ಒಯ್ದೆ, ಹೊಲ ಕಾಯಲಿ ಎಂದು. ನಮ್ಮವರು ಕರು ಕೊಳ್ಳಲು ಹೋದರೆ ಮೊದಲು ತಾಯಿಯ ಬೆನ್ನು ಸವರುತ್ತಾರೆ. ಅದು ಒದ್ದರೆ ಕರುವಿನ ಮುಖವನ್ನೂ ನೋಡದೆ ವಾಪಸು ಬರುತ್ತಾರೆ. ಅಕ್ಕನೂ ಮರಿಯ ಕಿವಿ ಹಿಡಿದು ನೋಡುತ್ತ ಕೇಳಿದಳು: "ತಾಯಿ ಹೆಂಗೈತಪ್ಪಾ?"

"ಇದ್ರಪ್ಪ ಕೋವಿಗೂ ಹೆದರಲ್ಲ ಕಣಕ್ಕ" ಎಂದೆ.

ವರ್ಷ ತುಂಬುವುದರೊಳಗೆ ನಾಯಿ ಎತ್ತರಕ್ಕೆ ಬೆಳೆಯಿತು. ಅಪರಿಚಿತರು ಬಂದರೆ ಮೊದಲು ಮಂಚದಡಿ ಸೇರಿ ಆಮೇಲೆ ಬೊಗಳುತ್ತಿತ್ತು. ಒಂದು ದಿನ ಅಕ್ಕನ ಐದು ವರ್ಷದ ಮಗಳು ಪುಟ್ಟಿ ಅದರ ಬೆನ್ನ ಹಿಂದೆ ಹಿತ್ತಾಳೆ ಬಿಂದಿಗೆ ಕೈಜಾರಿ ಬಿಟ್ಟಳು. ಬೆದರಿದ ನಾಯಿ ತಿರುಗಿ ಅವಳ ಕೆನ್ನೆಗೆ ಬಾಯಿ ಹಾಕಿತು. ಇಂಥದಕ್ಕೆ ನಾವು ಫಿಯರ್ ಬೈಟರ್ ಎನ್ನುತ್ತೇವೆ, ಭಯಕ್ಕೆ ಕಚ್ಚುವ ನಾಯಿ. ಆದರೆ ಹುಚ್ಚು ಹಿಡಿದಿಲ್ಲವೆಂದು ಯಾರು ಹೇಳಬೇಕು? ಪುಟ್ಟಿಗೆ ಹೊಕ್ಕುಳ ಸುತ್ತ ದಿನಕ್ಕೊಂದು ಸೂಜಿ ಶುರುವಾಯಿತು. ಹತ್ತು ದಿನ ನಾಯಿ ಬದುಕಿದ್ದು ಪಶುವೈದ್ಯರು ಬರೆದುಕೊಟ್ಟರೆ ಉಳಿದ ಸೂಜಿ ನಿಲ್ಲಿಸುತ್ತೇವೆ ಎಂದರು ಆಸ್ಪತ್ರೆಯವರು.

ಹತ್ತು ದಿನವೂ ಸೈಕಲ್ಲಿನಲ್ಲಿ ಹೋಗಿ ನಾಯಿಯನ್ನು ನೋಡಿದೆ. ನನ್ನನ್ನು ಕಂಡರೆ ಅದು ಗೋಡೆಗೆ ಒತ್ತಿಕೊಂಡು ಬಾಲ ಹೊಟ್ಟೆಗೆ ಸೇರಿಸುತ್ತಿತ್ತು, ಥೇಟ್ ತಾಯಿಯಂತೆ. ಕಣ್ಣು ಕಂಡದ್ದನ್ನೇ ಬರೆಯಬೇಕು. ಬರೆಯುವವನ ಜನ್ಮ, ಮಾನ, ಹೆಮ್ಮೆ ಯಾವುದಕ್ಕೂ ಆ ಕಾಗದದಲ್ಲಿ ಜಾಗವಿಲ್ಲ. ಕೆಲಸ ನನಗೆ ಕಲಿಸಿದ್ದು ಇದು. ಕಲಿತ ಖರ್ಚು ಮಾತ್ರ ಪುಟ್ಟಿಯ ಕೆನ್ನೆ ಮೇಲೆ ಬಿತ್ತು.

ಹತ್ತನೆಯ ದಿನ ನಾಯಿ ಗಂಜಿ ಕುಡಿಯಿತು. ಹುಚ್ಚಿಲ್ಲವೆಂದು ಬರೆದು, ಸಹಿ ಮಾಡಿ, ಸರ್ಟಿಫಿಕೇಟನ್ನು ಅಕ್ಕನ ಕೈಗಿತ್ತೆ. ಓದಲು ಬಾರದ ಅಕ್ಕ ಅದನ್ನು ಹಿಂದೆ ಮುಂದೆ ತಿರುವಿ ನೋಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅವತ್ತು ತಾಯಿ ಹೆಂಗೈತೆ ಅಂತ ಕೇಳ್ದೆ ಕಣಪ್ಪಾ" ಎಂದಳು. "ನೀನು ಅಪ್ಪನ ಸುದ್ದಿ ಹೇಳ್ದೆ."