ನುಂಗಿದ ಕೆಮ್ಮು

ಹುಟ್ಟಿದ ಕೆಲವು ತಿಂಗಳಿಗೇ ಅಜ್ಜಿ ಅವಳ ಕೆನ್ನೆಗೆ ಮುತ್ತಿಟ್ಟು, ತುಟಿ ಚಪ್ಪರಿಸಿ, "ಇದೇನೇ, ನಿನ್ನ ಮಗು ಉಪ್ಪುಪ್ಪಾಗಿದೆ" ಎಂದಿದ್ದಳಂತೆ. ಅಂದಿನಿಂದ ಅವಳು ಎಲ್ಲರಿಗೂ ಉಪ್ಪುಮರಿ. ಬೆವರಿನಲ್ಲಿ ಅಷ್ಟೊಂದು ಉಪ್ಪು ಹೋಗುವುದು ಒಂದು ಕಾಯಿಲೆಯ ಗುರುತು, ಆ ಕಾಯಿಲೆಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ನಾಲಿಗೆ ತಿರುಗದ ಹೆಸರು ಎಂದು ಡಾಕ್ಟರು ಹೇಳಿದ್ದು ಆಮೇಲೆ. ಎದೆಯೊಳಗೆ ಕಫ ಗೋಂದಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ತಿಂದದ್ದು ಮೈಗೆ ಹತ್ತಬೇಕಾದರೆ ಪ್ರತಿ ಊಟದ ಜೊತೆಗೂ ಮಾತ್ರೆ ನುಂಗಬೇಕು. "ಹೆಚ್ಚು ಆಸೆ ಇಟ್ಕೋಬೇಡಿ" ಎಂದು ಆ ಡಾಕ್ಟರು ಅಮ್ಮನಿಗೆ ಹೇಳಿದ್ದರು. ಅವರು ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಅವರು ಪೇಪರು ಓದುವ ಕನ್ನಡಕ ಈಗ ಉಪ್ಪುಮರಿಯ ಕೈಯಲ್ಲೇ ತಯಾರಾಗುತ್ತದೆ.

ಮೂವತ್ತು ದಾಟಿದ ಅವಳು ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಕಿಟಕಿಗೆ ಒತ್ತಿದ ಒಂದು ಮೇಜು, ನೀರು ಚಿಮ್ಮಿಸುತ್ತಾ ಗಾಜು ಸವೆಸುವ ಯಂತ್ರ, ಪೆನ್ಸಿಲ್ಲಿನಷ್ಟು ತೆಳ್ಳಗಿನ ಒಂದು ಡ್ರಿಲ್ಲು. ಕಸ ಗುಡಿಸುವುದರಿಂದ ಹಿಡಿದು ಒಂದೊಂದೇ ಕೆಲಸ ಕಲಿಯುತ್ತಾ ಆ ಮೇಜಿನವರೆಗೆ ಬಂದವಳು ಅವಳು. ಅಲ್ಲಿ ಅತಿ ಕಷ್ಟದ ಕೆಲಸವೆಂದರೆ ಚೌಕಟ್ಟಿಲ್ಲದ ಕನ್ನಡಕ. ಗಾಜಿಗೇ ತೂತು ಕೊರೆದು, ಅದರಲ್ಲಿ ಸ್ಕ್ರೂ ಹಾಕಿ ಕಿವಿಯ ಕಡ್ಡಿ ಕೂರಿಸಬೇಕು. ಕೈ ಕೂದಲೆಳೆಯಷ್ಟು ಅಲುಗಿದರೂ ಗಾಜು ಬಿರುಕು ಬಿಡುತ್ತದೆ. ಆ ಕೆಲಸವನ್ನು ಯಜಮಾನರು ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಚಳಿಗಾಲದಲ್ಲಿ ಎದೆಗೆ ಸೋಂಕು ತಗುಲಿ ಆಸ್ಪತ್ರೆ ಸೇರಿ ಬಂದಳು. ಸೋಂಕು ಹೋಯಿತು, ಹೋಗುವಾಗ ನಿದ್ದೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮಲಗಿದೊಡನೆ ಕಫ ಏಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಮ್ಮ. ನಡುವೆ ಒಂದು ಪ್ಲೈವುಡ್ ಗೋಡೆ. ತಂದೆ ಇಲ್ಲದ ಮನೆ. ಅಮ್ಮ ನಸುಕಿಗೇ ಎದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೇಯಿಸಲು ಹೋಗಬೇಕು. ಅವಳ ನಿದ್ದೆ ಕೆಡಬಾರದೆಂದು ಉಪ್ಪುಮರಿ ದಿಂಬಿಗೆ ಬಾಯಿ ಒತ್ತಿ ಕೆಮ್ಮನ್ನು ನುಂಗುತ್ತಿದ್ದಳು. ನುಂಗಿದ ಕೆಮ್ಮು ಸುಮ್ಮನಿರುತ್ತದೆಯೇ? ಎದೆಯಲ್ಲಿ ಸುತ್ತಾಡಿ ಮತ್ತೆ ಗಂಟಲಿಗೇ ಬರುತ್ತಿತ್ತು. ಹೀಗೆ ಹಗ್ಗಜಗ್ಗಾಟ ನಡೆಯುತ್ತಿರುವಾಗಲೇ ಕಿಟಕಿ ಬೆಳ್ಳಗಾಗುತ್ತಿತ್ತು.

ಅಂಥದೊಂದು ರಾತ್ರಿಯ ಮಾರನೆಯ ದಿನ ಅವಳು ಕೊರೆದ ತೂತು ಅಂಚಿಗೆ ತೀರಾ ಹತ್ತಿರವಾಯಿತು. ಗಾಜಿನಲ್ಲಿ ಕಂಡೂ ಕಾಣದ ಗೆರೆ ಮೂಡಿದ್ದನ್ನು ಅವಳು ನೋಡಿದಳು. ತಡೆದುಕೊಳ್ಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಸ್ಕ್ರೂ ಬಿಗಿದು ಕಳಿಸಿಬಿಟ್ಟಳು. ಆ ಕನ್ನಡಕ ಒಬ್ಬ ಮೇಷ್ಟ್ರ ಕೈಯಲ್ಲಿ, ಪಾಠದ ನಡುವೆ, ಎರಡು ಹೋಳಾಯಿತು.

ಯಜಮಾನರು ಕೂಗಾಡುವ ಜಾತಿಯವರಲ್ಲ. ಹೋಳುಗಳನ್ನು ತಂದು ಮೇಜಿನ ಮೇಲಿಟ್ಟರು.

"ಬಿರುಕು ನೋಡಿದ್ಯಾ?"

"ನೋಡಿದೆ."

"ಹೇಳಲಿಲ್ಲ."

ಅವಳು ಹೋಳುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದಳು.

"ಗಾಜು ಒಡೆದ್ರೆ ಇನ್ನೊಂದು ತರಿಸ್ತೀನಿ ಮರಿ. ನಿನ್ನ ಕಣ್ಣು ನೋಡ್ಕೊಂಡಿದೀಯಾ? ಮಾರೋ ಕನ್ನಡಕಾನೆಲ್ಲಾ ನಿನಗೇ ಹಾಕ್ಬೇಕು ಹಂಗಿದೆ. ಮುಂದಿನ ತಿಂಗಳಿಂದ ಮುಂದೆ ಕೌಂಟರ್‌ನಲ್ಲಿ ಕೂತ್ಕೋ. ಬಂದೋರಿಗೆ ಫ್ರೇಮ್ ತೋರಿಸು, ಕನ್ನಡಿ ಹಿಡಿ. ಆರಾಮಾಗಿರುತ್ತೆ."

"ನನಗೆ ಆರಾಮ ಬೇಡ. ಮೇಜು ಬೇಕು."

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

"ಹುಟ್ಟಿದಾಗಿಂದ ಎಲ್ಲರೂ ನನ್ನ ಒಳ್ಳೇದಕ್ಕೇ ಹೇಳ್ತಿದಾರೆ. ಶಾಲೆ ಬೇಡ ಅಂದ್ರು, ಕೆಲಸ ಬೇಡ ಅಂದ್ರು. ಅವರ ಮಾತು ಕೇಳಿದ್ದಿದ್ರೆ ಇವತ್ತಿಗೂ ಹಾಸಿಗೇಲೇ ಇರ್ತಿದ್ದೆ. ತಿಂಗಳು ಮುಗಿಯೋವರೆಗೂ ಟೈಮ್ ಕೊಡಿ."

ಯಜಮಾನರು ತಲೆ ಕೆರೆದುಕೊಂಡು, "ಸರಿ. ಅಲ್ಲೀವರೆಗೆ ಡ್ರಿಲ್ ಮುಟ್ಟಬೇಡ" ಎಂದು ಹೋದರು.

ವಿಷಯ ಚಿಕ್ಕಮ್ಮನ ಕಿವಿಗೆ ಬಿತ್ತು. ಅವರ ಕಿವಿಗೆ ಬಿದ್ದದ್ದು ಸುಮ್ಮನೆ ಬಿದ್ದಿರುವುದಿಲ್ಲ. ಭಾನುವಾರ ಪರ್ಸಿನಲ್ಲಿ ನಿದ್ದೆ ಮಾತ್ರೆಯ ಒಂದು ಹಾಳೆ ಇಟ್ಟುಕೊಂಡು ಬಂದರು.

"ನಾನು ತಗೊಳೋದು ಇದೇ. ತಲೆಯಿಟ್ರೆ ಸಾಕು, ಮನೆ ಹೊತ್ಕೊಂಡು ಹೋದ್ರೂ ಎಚ್ಚರ ಆಗಲ್ಲ."

"ಅದೇ ನನಗೆ ಭಯ ಚಿಕ್ಕಮ್ಮ. ಕಫ ಕಟ್ಕೊಂಡಾಗ ನನಗೆ ಎಚ್ಚರ ಆಗ್ಲೇಬೇಕು. ನನ್ನ ಡಾಕ್ಟರನ್ನ ಕೇಳದೆ ಮುಟ್ಟಲ್ಲ."

"ಎಲ್ಲದಕ್ಕೂ ಮೊಂಡಾಟ. ಅಕ್ಕಾ, ನೀನಾದ್ರೂ ಹೇಳು ಇವಳಿಗೆ."

ಅಮ್ಮ ತಟ್ಟೆ ಒರೆಸುತ್ತಾ, "ಆ ಮೊಂಡಾಟದಿಂದಾನೇ ಬದುಕಿರೋದು ಅವಳು" ಎಂದಳು. ಚಿಕ್ಕಮ್ಮ ಮಾತ್ರೆಯನ್ನು ಪರ್ಸಿಗೆ ಹಾಕಿಕೊಂಡು, ಮುಖ ಊದಿಸಿಕೊಂಡೇ ಊಟ ಮಾಡಿ ಹೋದರು.

ಆ ವಾರ ಆಸ್ಪತ್ರೆಗೆ ಹೋಗುವಾಗ ಅಮ್ಮ ತಾನೂ ರಜೆ ಹಾಕಿ ಜೊತೆಗೆ ಬಂದಳು. ಅಲ್ಲಿ ಎದೆಯ ಕಫ ಸಡಿಲಿಸುವ ವ್ಯಾಯಾಮ ಕಲಿಸುವ ಒಬ್ಬ ಹೆಂಗಸಿದ್ದಾರೆ. ಮಕ್ಕಳು ಇಟ್ಟ ಹೆಸರು, ಬೆನ್ನು ತಟ್ಟೋ ಅಕ್ಕ. ಉಪ್ಪುಮರಿಯನ್ನು ಫ್ರಾಕಿನ ಕಾಲದಿಂದಲೂ ಬಲ್ಲವರು. ಎದೆಗೆ ಕೈಯಿಟ್ಟೊಡನೆ ಅವರ ಹುಬ್ಬು ಗಂಟಿಕ್ಕಿತು.

"ಇಷ್ಟೊಂದು ಯಾಕೆ ತುಂಬಿದೆ? ರಾತ್ರಿ ಎಷ್ಟು ಕೆಮ್ತಾಳೆ ಇವಳು?" ಎಂದು ಅಮ್ಮನನ್ನು ಕೇಳಿದರು.

"ಕೆಮ್ಮೋದೇ ಇಲ್ಲ" ಎಂದಳು ಅಮ್ಮ. "ಅದಕ್ಕೇ ನನಗೆ ನಿದ್ದೆ ಇಲ್ಲ."

"ಅಂದ್ರೆ?"

"ಕೆಮ್ತಾ ಇದ್ರೆ ಇದಾಳೆ ಅಂತ ಗೊತ್ತಾಗುತ್ತೆ. ಚಿಕ್ಕೋಳಿದ್ದಾಗಿಂದ ಅದನ್ನ ಕೇಳ್ಕೊಂಡೇ ನಿದ್ದೆ ಮಾಡಿದೋಳು ನಾನು. ಈ ಚಳಿಗಾಲದಿಂದ ಸದ್ದೇ ಇಲ್ಲ. ಗೋಡೆಗೆ ಕಿವಿ ಕೊಟ್ಕೊಂಡು ಕೂತಿರ್ತೀನಿ. ಉಸಿರು ಕೇಳಿದ್ರೆ ದೇವರಿಗೆ ಕೈ ಮುಗೀತೀನಿ, ಆಮೇಲೆ ಇನ್ನೊಂದು ಉಸಿರಿಗೆ ಕಾಯ್ತೀನಿ."

ಉಪ್ಪುಮರಿ ತಾಯಿಯ ಕಡೆ ತಿರುಗಿದಳು. "ಅಮ್ಮ, ನಿನಗೆ ನಿದ್ದೆ ಬರ್ಲಿ ಅಂತ ಕೆಮ್ಮು ಹಿಡ್ಕೊಂಡಿದ್ದೆ ನಾನು."

"ನಾನು ಕೇಳಿದ್ನಾ ನಿನ್ನ?"

"ನೀನು ಎಚ್ಚರ ಇದೀಯ ಅಂತ ಹೇಳಿದ್ಯಾ ನನಗೆ?"

ಬೆನ್ನು ತಟ್ಟೋ ಅಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟರು. "ಚೆನ್ನಾಗಿದೆ ನಿಮ್ಮ ಸಂಸಾರ. ಅವಳು ನಿನ್ನ ಕಾಯೋದು, ನೀನು ಅವಳನ್ನ ಕಾಯೋದು. ಮಲಗೋರು ಯಾರು, ಪಕ್ಕದ ಮನೆಯೋರಾ?"

ಅಮ್ಮನಿಗೆ ಮೊದಲು ನಗು ಬಂತು, ಆಮೇಲೆ ಅಳು. ಸೆರಗಿನಲ್ಲಿ ಎರಡನ್ನೂ ಒರೆಸಿಕೊಂಡಳು.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಔಷಧಿಯನ್ನು ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀ ಎಂದು ಕೆದಕಿದಾಗ ಇನ್ನೊಂದು ಗುಟ್ಟು ಹೊರಬಿತ್ತು. ಉಸಿರುನಾಳ ಬಿಡಿಸುವ ಔಷಧಿ ಎಳೆದುಕೊಂಡ ಮೇಲೆ ಸ್ವಲ್ಪ ಹೊತ್ತು ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ಗಾಜು ಕೊರೆಯಲಾಗದೆಂದು ಅವಳು ಬೆಳಗಿನದನ್ನು ಬಿಟ್ಟು, ಮಲಗುವ ಮೊದಲು ಎರಡು ಸಲ ಎಳೆದುಕೊಳ್ಳುತ್ತಿದ್ದಳು. ಆಸ್ಪತ್ರೆಯಿಂದ ಬಂದಾಗ ಕೊಟ್ಟಿದ್ದ, ಬೆಳಿಗ್ಗೆ ನುಂಗಬೇಕಾದ ಸ್ಟೀರಾಯ್ಡ್ ಮಾತ್ರೆಯನ್ನೂ ರಾತ್ರಿಗೇ ದೂಡಿದ್ದಳು. ಎರಡೂ ನಿದ್ದೆ ಓಡಿಸುವಂಥವು. ಕೈ ಉಳಿಸಿಕೊಳ್ಳಲು ಹೋಗಿ ಕಣ್ಣಿನ ನಿದ್ದೆ ಕಳೆದುಕೊಂಡಂತಾಗಿತ್ತು.

ಡಾಕ್ಟರು ಒಳಗೆ ಕರೆದು ಔಷಧಿಯ ಹೊತ್ತನ್ನು ಸರಿಮಾಡಿದರು, ಮಲಗಿದಾಗ ರಕ್ತದಲ್ಲಿ ಆಮ್ಲಜನಕ ಎಷ್ಟಿರುತ್ತದೆ ಎಂದು ಬೆರಳಿಗೆ ಕ್ಲಿಪ್ ಹಾಕಿ ಪರೀಕ್ಷಿಸಲು ಹೇಳಿದರು. ಆಮೇಲೆ ಒಂದು ರಾತ್ರಿ ಹಾಗೆ ನೋಡಿದಾಗ ಅದು ಸದ್ಯ ಚೆನ್ನಾಗಿಯೇ ಇತ್ತು. ಉಳಿದದ್ದನ್ನು ಅಕ್ಕ ಹೇಳಿಕೊಟ್ಟರು. ಮಲಗುವುದಕ್ಕೆ ಸಾಕಷ್ಟು ಮೊದಲೇ ವ್ಯಾಯಾಮ ಮಾಡಿ ಕಫ ಹೊರಹಾಕಬೇಕು. ತಲೆಯ ಕಡೆ ಹಾಸಿಗೆ ಎತ್ತರಿಸಬೇಕು. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಒದ್ದಾಡದೆ ಎದ್ದು ಕುರ್ಚಿಗೆ ಹೋಗಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು.

"ಮತ್ತೆ ಕೆಮ್ಮು ಬಂದ್ರೆ?" ಎಂದಳು ಉಪ್ಪುಮರಿ.

"ಕೆಮ್ಮು. ಧಾರಾಳವಾಗಿ ಕೆಮ್ಮು. ಅದಕ್ಕೇನು ಟ್ಯಾಕ್ಸ್ ಇಲ್ಲ."

ಅಂದಿನಿಂದ ಆ ಮನೆಯಲ್ಲಿ ಕೆಮ್ಮು ಮತ್ತೆ ಕೇಳತೊಡಗಿತು. ಅಮ್ಮ ಗೋಡೆಯಾಚೆಯಿಂದ ಅದನ್ನು ಕೇಳಿ, ಇನ್ನು ಕಾವಲು ನಿನ್ನದೇ ಎಂದು ದೇವರಿಗೆ ಒಪ್ಪಿಸಿ, ಪಕ್ಕಕ್ಕೆ ತಿರುಗಿ ಮಲಗಿದಳು. ಅವಳ ಗೊರಕೆ ಪ್ಲೈವುಡ್ಡನ್ನು ದಾಟಿ ಬಂದಾಗ ಉಪ್ಪುಮರಿಗೆ ತನ್ನ ಮೈಯ ಗಂಟೆಲ್ಲ ಸಡಿಲಾದಂತೆ ಅನಿಸಿತು. ಆದರೆ ಈ ಚಳಿಗಾಲದಲ್ಲಷ್ಟೇ ಕೆಳಗಿನ ಮನೆಗೆ ಬಂದಿದ್ದ ತಾತ ಕಸಬರಿಗೆಯ ಕೋಲಿನಿಂದ ತಮ್ಮ ಮನೆಯ ಮೇಲ್ಛಾವಣಿಗೆ ಕುಟ್ಟಲು ಶುರುಮಾಡಿದರು. ಎರಡು ರಾತ್ರಿ ತಡೆದುಕೊಂಡು, ಮಾರನೆಯ ಸಂಜೆ ಅವಳು ಇಳಿದು ಹೋಗಿ ಬಾಗಿಲು ತಟ್ಟಿದಳು.

"ತಾತ, ರಾತ್ರಿ ಕುಟ್ಟಿದ್ದು ನೀವೇ ತಾನೆ?"

"ಹೌದಮ್ಮ. ಮನುಷ್ಯರು ಮಲಗೋದು ಬೇಡ್ವಾ?"

"ಬೇಕು. ನಾನೂ ಮನುಷ್ಯಳೇ. ಇದು ಅಂಟೋ ಕಾಯಿಲೆ ಅಲ್ಲ, ಬಿಡೋ ಕಾಯಿಲೇನೂ ಅಲ್ಲ. ಕೆಮ್ಮಿದ್ರೆ ಉಸಿರಾಡ್ತೀನಿ. ಹಾಸಿಗೇನ ಆ ಕಡೆ ಕೋಣೆಗೆ ಹಾಕ್ಕೊಳ್ಳಿ, ಮಂಚ ಎಳೆಯೋಕೆ ನಾನೇ ಬರ್ತೀನಿ. ಕುಟ್ಟಲೇಬೇಕು ಅನ್ಸಿದ್ರೆ ಕುಟ್ಟಿ. ಕೆಮ್ಮು ಮಾತ್ರ ನಿಲ್ಲಿಸಲ್ಲ."

ತಾತ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕಡ್ಡಿಯಂಥ ಹುಡುಗಿ. "ಇಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ಸದ್ದಾ?" ಎಂದು ಗೊಣಗಿ, ಮಂಚದ ಒಂದು ತುದಿ ಹಿಡಿದರು.

ತಿಂಗಳು ಮುಗಿಯುವ ಹೊತ್ತಿಗೆ ನಿದ್ದೆ ಪೂರ್ತಿ ಮರಳಿತು ಎಂದರೆ ಸುಳ್ಳಾಗುತ್ತದೆ. ಬರುತ್ತಿತ್ತು, ಮುನಿದ ನೆಂಟನ ಹಾಗೆ ಒಂದೊಂದು ದಿನ ಬಾಗಿಲವರೆಗೆ ಬಂದು ತಿರುಗಿ ಹೋಗುತ್ತಿತ್ತು. ಕೊನೆಯ ದಿನದ ಹಿಂದಿನ ರಾತ್ರಿ ಹಾಗೇ ಹೋಯಿತು. ಅವಳು ಕುರ್ಚಿಯಲ್ಲಿ ಕೂತು, ಕೆಮ್ಮಿ, ಮಾಮೂಲಿ ಹೊತ್ತಿಗೇ ಎದ್ದು, ಕೆಂಪು ಕಣ್ಣಿನಲ್ಲೇ ಅಂಗಡಿಗೆ ಹೊರಟಳು.

ಯಜಮಾನರು ಅವಳ ಮೇಜಿನ ಮೇಲೆ ಚೌಕಟ್ಟಿಲ್ಲದ ಒಂದು ಜೊತೆ ಗಾಜು ಇಟ್ಟು ಕಾಯುತ್ತಿದ್ದರು. ಅದೇ ಮೇಷ್ಟ್ರದು. ಪರೀಕ್ಷೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಡ್ರಿಲ್ ಎತ್ತಿಕೊಂಡು, ಆದದ್ದಾಗಲಿ ಎಂದು ಕೊರೆದುಬಿಡಬಹುದಿತ್ತು. ಅವಳು ಗಾಜನ್ನು ಮೆಲ್ಲಗೆ ಡಬ್ಬಿಗೆ ಹಾಕಿ ಮುಚ್ಚಿದಳು.

"ಇವತ್ತು ಕೊರೆಯಲ್ಲ. ನಿನ್ನೆ ನಿದ್ದೆ ಇಲ್ಲ."

"ಹಂಗಾದ್ರೆ ಕೌಂಟರ್—"

"ಕೌಂಟರ್‌ಗೂ ಹೋಗಲ್ಲ. ಇವತ್ತು ಚೌಕಟ್ಟಿರೋವು ಮಾಡ್ತೀನಿ, ಅದಕ್ಕೆ ಈ ಕೈ ಸಾಕು. ನಿದ್ದೆ ಆದ ದಿನ ಕೊರೀತೀನಿ, ಅದೂ ಔಷಧಿ ನಡುಕ ಇಳಿದ ಮೇಲೆ. ಆಗದ ದಿನ ಆಗಲ್ಲ ಅಂತ ನಾನೇ ಬಂದು ಹೇಳ್ತೀನಿ. ಬಿರುಕು ಬಿಟ್ರೆ ಅದನ್ನೂ ಹೇಳ್ತೀನಿ. ಈ ಷರತ್ತಿಗೆ ಒಪ್ಪಿದ್ರೆ ಮೇಜು ನಂದು."

"ಒಪ್ಪದಿದ್ರೆ?"

"ಒಪ್ಪದಿದ್ರೂ ಇವತ್ತು ಎದ್ದು ಹೋಗಲ್ಲ. ಕುರ್ಚಿ ಸಮೇತ ಎತ್ಕೊಂಡು ಹೋಗ್ಬೇಕು ನೀವು."

ಯಜಮಾನರು ತಮ್ಮ ಸೊಂಟ ಹಿಡಿದುಕೊಂಡು ಅವಳ ಕುರ್ಚಿಯನ್ನೊಮ್ಮೆ ನೋಡಿದರು. ಮುಂದಿನ ಕೋಣೆಯಲ್ಲಿ ಯಾರೋ ಗಿರಾಕಿ ಕರೆದರು.

"ಮೇಷ್ಟ್ರಿಗೆ ಯಾವತ್ತು ಅಂತ ಹೇಳ್ಲಿ?"

"ನಾಳೆ ಅಂತ ಹೇಳಬೇಡಿ. ಕೊರೆದ ಮೇಲೆ ಫೋನ್ ಮಾಡ್ತೀವಿ ಅನ್ನಿ."

ಅವರು ಪರದೆ ಸರಿಸಿ ಹೊರಗೆ ಹೋದರು. ಉಪ್ಪುಮರಿ ಯಂತ್ರದ ನೀರು ಬಿಟ್ಟಳು. ಅಷ್ಟರಲ್ಲಿ ಕೆಮ್ಮು ಬಂತು. ಕರವಸ್ತ್ರ ಅಡ್ಡ ಹಿಡಿದು, ಎದೆಯ ತಳದಿಂದ, ಬಾಯ್ತುಂಬ ಕೆಮ್ಮಿದಳು. ಹೊರಗೆ ಗಿರಾಕಿ ಬೆಚ್ಚಿ, "ಒಳಗೆ ಯಾರು?" ಎಂದು ಕೇಳಿದ್ದು ಅವಳಿಗೆ ಕೇಳಿಸಿತು.

"ನಮ್ಮ ಕೆಲಸಗಾರ್ತಿ" ಎಂದರು ಯಜಮಾನರು. "ನಿಮ್ಮ ಕನ್ನಡಕ ಮಾಡೋಳು ಅವಳೇ."