ಮುಂದಕ್ಕೆಷ್ಟು, ಪಕ್ಕಕ್ಕೆಷ್ಟು

ಹಾಲಪ್ಪ ಮೇಷ್ಟ್ರು ಚನ್ನಗಿರಿಯ ಬಸ್ ನಿಲ್ದಾಣದ ಬಯಲನ್ನು ಎಂದೂ ಓರೆಯಾಗಿ ದಾಟಿದವರಲ್ಲ. ಮೊದಲು ನೇರ ಪೂರ್ವಕ್ಕೆ ನಡೆದು, ನಿಂತು, ಪೂರ್ತಿ ತಿರುಗಿ, ಆಮೇಲೆ ಉತ್ತರಕ್ಕೆ ನಡೆಯುತ್ತಿದ್ದರು. ಅಷ್ಟರಲ್ಲಿ ಹೊನ್ನಾಳಿ ಬಸ್ಸು ಹೊರಟುಹೋಗಿರುತ್ತಿತ್ತು. ಕಂಡಕ್ಟರು "ಸೀದಾ ಬರ್ರೀ ಮೇಷ್ಟ್ರೇ" ಎಂದು ಕೂಗಿದರೆ, "ಸೀದಾನೇ ಬರ್ತಾ ಇದೀನಿ, ಎರಡು ಸಲ" ಎನ್ನುತ್ತಿದ್ದರು.

ನಮಗೆ ಭೌತಶಾಸ್ತ್ರ ಕಲಿಸಿದವರು ಅವರೇ. ಓರೆಯಾಗಿ ಎಳೆಯುವ ಯಾವ ಬಲ ಕಂಡರೂ ಮುಂದಕ್ಕೆಷ್ಟು, ಪಕ್ಕಕ್ಕೆಷ್ಟು ಎಂದು ಸೀಳುತ್ತಿದ್ದರು. ಮುಂದಿನವನ್ನೆಲ್ಲ ಒಂದು ಕಡೆ, ಪಕ್ಕದವನ್ನೆಲ್ಲ ಒಂದು ಕಡೆ ಕೂಡಿಸಿ, ಕೊನೆಗೆ ಎರಡನ್ನೂ ಸೇರಿಸಿದರೆ ಬರುವುದೇ ಫಲಿತ ಬಲ. ಹೆಂಡತಿ ಸಿಟ್ಟಾದರೂ "ಇದ್ರಾಗೆ ನನ್ ಮೇಲಿಂದೆಷ್ಟು, ಹಾಲಿನವನ ಮೇಲಿಂದೆಷ್ಟು?" ಎಂದು ವಿಚಾರಿಸುತ್ತಿದ್ದರಂತೆ.

ಎಪ್ಪತ್ತರ ದಶಕದ ಕೊನೆಗೆ ಕತ್ತಲಗೆರೆಯಲ್ಲಿ ನನ್ನ ಮದುವೆ. ದಿಬ್ಬಣದ ವ್ಯಾನಿನಲ್ಲಿ ಮೇಷ್ಟ್ರೂ ಇದ್ದರು. ಊರು ಇನ್ನೇನು ಬಂತು ಎನ್ನುವಾಗ, ನಾಲೆಯ ನೀರು ಹರಿದು ಕೆಸರಾಗಿದ್ದ ದಾರಿಯಲ್ಲಿ ವ್ಯಾನು ಹೂತುಕೊಂಡಿತು. ಮುಹೂರ್ತ ಹತ್ತಿರವಾಗಿತ್ತು. ಹೊತ್ತಿಗೆ ಸರಿಯಾಗಿ ನಡೆಯುವ ಮನೆಯಲ್ಲಿ ಬೆಳೆದ ನಾನು ಇಳಿದು ನಡೆಯಲು ಹೊರಟೆ. ನನ್ನ ಸೋದರಮಾವ ತಡೆದ. "ಕೆಸರು ತುಳ್ಕಂಡು ಹೋಗಾಕೆ ನೀನೇನು ನಾಟಿ ಹಾಕಾಕೆ ಬಂದೀಯೇನೋ?"

ನಮ್ಮನ್ನು ಎದುರುಗೊಳ್ಳಲು ಹೆಣ್ಣಿನ ಕಡೆಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಬುಟ್ಟಿ ಹೊತ್ತು ಅಲ್ಲಿಗೇ ಬಂದರು.

"ಬೀಗರೇ, ಗಾಡಿ ನಿಮ್ದು, ನೀವೇ ಎಳೀರಿ" ಎಂದರು ಹೆಣ್ಣಿನ ತಂದೆ.

"ದಾರಿ ನಿಮ್ಮೂರಿಂದು, ನೀವೇ ಎಳೀರಿ" ಎಂದ ಸೋದರಮಾವ.

ಕೊನೆಗೆ ಹಗ್ಗ ತಂದರೂ, ಒಂದು ಕಡೆಯ ಬೀಗರು ಹಿಡಿದ ಹಗ್ಗವನ್ನು ಇನ್ನೊಂದು ಕಡೆಯ ಬೀಗರು ಮುಟ್ಟಲು ಒಪ್ಪಲಿಲ್ಲ. ಮೇಷ್ಟ್ರಿಗೆ ಬೇಕಾಗಿದ್ದೂ ಅದೇ. ವ್ಯಾನಿನ ಮುಂಭಾಗಕ್ಕೆ ಎರಡು ಹಗ್ಗ ಕಟ್ಟಿಸಿ, ಗಂಡಿನವರನ್ನು ತುಸು ಎಡಕ್ಕೆ, ಹೆಣ್ಣಿನವರನ್ನು ತುಸು ಬಲಕ್ಕೆ ನಿಲ್ಲಿಸಿದರು. "ಪಕ್ಕದ್ದು ಪಕ್ಕದ್ದನ್ನ ತಿಂದಾಕುತ್ತೆ, ಮುಂದಿಂದು ಮುಂದಿಂದಕ್ಕೆ ಕೂಡುತ್ತೆ. ಎಳೀರಿ."

ಎಳೆದರು. ಆದರೆ ಗಾಡಿ ತಮ್ಮ ಕಡೆಗೇ ಬರಬೇಕೆಂಬ ಹಟದಲ್ಲಿ ಸರಿಯುತ್ತಾ ಸರಿಯುತ್ತಾ ಎರಡು ಕಡೆಯವರೂ ಎದುರುಬದುರು ಗದ್ದೆಗಳಿಗೇ ಇಳಿದುಬಿಟ್ಟರು. ಹಗ್ಗಗಳು ದಾರಿಗೆ ಅಡ್ಡಲಾಗಿ ಒಂದೇ ಗೆರೆಯಾದವು. ವ್ಯಾನು ಅಲುಗಲಿಲ್ಲ.

"ಫಲಿತ ಬಲ ಸೊನ್ನೆ" ಎಂದು ಮೇಷ್ಟ್ರು ಸಂತೋಷದಿಂದ ಸಾರಿದರು. "ಕ್ಲಾಸಿನಾಗೆ ಇಷ್ಟು ಚೆನ್ನಾಗಿ ಒಂದಿನಾನೂ ಬಂದಿರ್ಲಿಲ್ಲ."

"ಮೇಷ್ಟ್ರೇ, ನನ್ನ ಮದುವೆ" ಎಂದೆ ಕಿಟಕಿಯಿಂದ.

ನನ್ನ ಬಾಸಿಂಗ ಕಂಡು ಅವರಿಗೆ ಎಚ್ಚರವಾಯಿತು. ಬಜ್ಜಿಯ ಬುಟ್ಟಿಯನ್ನು ತಾವೇ ಹೊತ್ತೊಯ್ದು, ವ್ಯಾನಿಗೆ ನೇರ ಮುಂದೆ, ದಾರಿಯ ನಟ್ಟನಡುವೆ ಇಟ್ಟು ಬಟ್ಟೆ ಸರಿಸಿದರು. "ಹಗ್ಗ ಬಿಡದಂಗೆ ಯಾರು ಮೊದ್ಲು ಬರ್ತೀರೋ, ಬಜ್ಜಿ ಅವರದ್ದು."

ಎರಡು ಕಡೆಯವರೂ ಬುಟ್ಟಿಗೆ ಮುಖ ಮಾಡಿದರು. ಹಗ್ಗಗಳ ನಡುವಿನ ಕೋನ ಕಿರಿದಾಯಿತು, ಪಕ್ಕದ ಎಳೆತವೆಲ್ಲ ಮುಂದಕ್ಕೆ ಸೇರಿತು. ವ್ಯಾನು ಕೆಸರಿನಿಂದ ಚಂಗನೆ ಎದ್ದಿತು, ಬೀಗರು ಬೀಗರ ಮೇಲೆ ಉರುಳಿದರು. ಧಾರೆಯ ಹೊತ್ತಿಗೆ ಸರಿಯಾಗಿ ಮಂಟಪದಲ್ಲಿದ್ದೆವು. ಎಲ್ಲರ ಮೈಮೇಲೂ ಒಂದೇ ಕೆಸರು. ಯಾರು ಯಾವ ಕಡೆಯವರೆಂದು ಪುರೋಹಿತರಿಗೆ ತಿಳಿಯಲಿಲ್ಲ.

ನಿವೃತ್ತರಾದ ಮೇಲೆ ಮೇಷ್ಟ್ರು ನ್ಯಾಮತಿಗೆ ಹೋದರು. ಎಂಬತ್ತರ ದಶಕದ ಕೊನೆಗೊಮ್ಮೆ ನಾನೂ ಹೆಂಡತಿಯೂ ಅವರನ್ನು ನೋಡಲು ಹೋಗಿದ್ದೆವು. ಹೊತ್ತಿಗೆ ಮೊದಲೇ ಬಸ್ಸಿನಲ್ಲಿರಬೇಕೆಂಬ ಆತುರದಲ್ಲಿ ನಾನು ಛತ್ರಿ ಅವರ ಮನೆಯಲ್ಲೇ ಮರೆತೆ. ಬಸ್ಸು ಕದಲುವಾಗ ನಿಲ್ದಾಣದ ಬಯಲಿನ ಆಚೆ ಮೂಲೆಯಲ್ಲಿ ಮೇಷ್ಟ್ರು ಕಂಡರು, ಕೈಯಲ್ಲಿ ಛತ್ರಿ. ಪೂರ್ವಕ್ಕೆ ನೋಡಿದರು, ಉತ್ತರಕ್ಕೆ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, ಓರೆಯಾಗಿ ಓಡಿಬಂದರು.

ಕಿಟಕಿಯಲ್ಲಿ ಛತ್ರಿ ತುರುಕಿ, ಏದುಸಿರು ಬಿಡುತ್ತಾ, "ಕೂಡ್ಸಿದ್ರೆ ಇದೇ ಅಲ್ವೇನಪ್ಪಾ ಬರೋದು" ಎಂದರು.

ಹಿಂದಿರುಗಿ ನೋಡಿದೆ. ವಾಪಸ್ ಹೋಗುವಾಗ ಮೊದಲು ನೇರ ದಕ್ಷಿಣಕ್ಕೆ ನಡೆದು, ನಿಂತು, ಪಶ್ಚಿಮಕ್ಕೆ ತಿರುಗುತ್ತಿದ್ದರು. ಅವರು ಪೂರ್ತಿ ತಿರುಗುವಷ್ಟರಲ್ಲಿ ಬಸ್ಸು ರಸ್ತೆಗೆ ಬಂದಿತ್ತು. ಮತ್ತೆ ನಾನು ಅವರನ್ನು ನೋಡಲಿಲ್ಲ.