ನಾನು ತೆಗೆದುಹಾಕಿದ ಎಂಟು ಪುಟಗಳು

ಒಂದು ಜೋಡಿ ಪುಸ್ತಕಕ್ಕೆ ನಾನು ಮುಖಪುಟ, ಒಳಪುಟಗಳ ವಿನ್ಯಾಸ ಮಾಡಿಕೊಟ್ಟೆ. ಒಂದು ಗಂಡ ಬರೆದದ್ದು, ಇನ್ನೊಂದು ಹೆಂಡತಿ ಬರೆದದ್ದು. ಹೆಂಡತಿಯ ಪುಸ್ತಕದಿಂದ ಹನ್ನೊಂದು ಬರಹಗಳನ್ನು ತೆಗೆದವಳು ನಾನು. ಅವುಗಳಲ್ಲಿ ಎಂಟು ಪುಟದ ಒಂದು ಬರಹವನ್ನು ಅವರು ಗಂಡ ಓದಲಿ ಎಂದೇ ಬರೆದಿದ್ದರು. ಅದನ್ನು ನಾನು ಓದದೆಯೇ ತೆಗೆದೆ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತೇನೆ. ನೆನಪು ಗಟ್ಟಿಯಿಲ್ಲದ ಕಡೆ ಹಾಗೆಂದೇ ಹೇಳುತ್ತೇನೆ.

ನನ್ನ ಕೆಲಸ ಶಿಕಾಗೊ ಹತ್ತಿರದ ಇಟಾಸ್ಕಾದ ಒಂದು ಕಚೇರಿಯಲ್ಲಿ. ಕಂಪನಿಗಳ ವರದಿ, ಕೈಪಿಡಿ, ಕ್ಯಾಟಲಾಗುಗಳಿಗೆ ಪುಟ ಕಟ್ಟುತ್ತೇನೆ. ವಾರದ ಕೊನೆಯಲ್ಲಿ ಇಲ್ಲಿನ ಕನ್ನಡದವರ ಸ್ಮರಣ ಸಂಚಿಕೆ, ಮದುವೆಯ ಕರೆಯೋಲೆ ಮಾಡುವುದುಂಟು. ಅಂಥ ಒಂದು ಸಂಚಿಕೆಯನ್ನು ನೋಡಿ ಆ ದಂಪತಿಯ ಮಗಳು ನನಗೆ ಫೋನ್ ಮಾಡಿದರು. ಅಪ್ಪ ಅಮ್ಮ ಮಿಷಿಗನ್‌ನ ಟ್ರಾಯ್‌ನಲ್ಲಿದ್ದಾರೆ, ಮದುವೆಯಾಗಿ ಐವತ್ತು ವರ್ಷ ಆಗುತ್ತಿದೆ, ಇಬ್ಬರೂ ತಮ್ಮ ತಮ್ಮ ನೆನಪುಗಳನ್ನು ಬರೆದಿಟ್ಟಿದ್ದಾರೆ, ಎರಡನ್ನೂ ಪುಸ್ತಕ ಮಾಡಿ ಆ ದಿನ ಕೊಡಬೇಕು ಎಂದರು. "ನಂಗೆ ಕನ್ನಡ ರೀಡ್ ಮಾಡಕ್ಕೆ ಬರಲ್ಲ. ಬಟ್ ಐ ವಾಂಟ್ ದೆಮ್ ಟು ಲುಕ್ ಲೈಕ್ ಎ ಪೇರ್" ಎಂದರು. ಜೋಡಿಯ ಹಾಗೆ ಕಾಣಬೇಕು ಎಂಬ ಆ ಮಾತನ್ನು ನಾನು ಅವರಿಗಿಂತ ಹೆಚ್ಚಾಗಿ ಹಚ್ಚಿಕೊಂಡೆ.

ಮೊದಲ ಸಲ ಟ್ರಾಯ್‌ಗೆ ಹೋದದ್ದು ಮಾರ್ಚ್ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಆರಕ್ಕೆ ಹೊರಟರೂ, ಮಿಷಿಗನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ, ತಲುಪುವಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಅಂಕಲ್ ಧಾರವಾಡದ ಕಡೆಯವರು. ಅಲ್ಲೇ ಹತ್ತಿರದ ಡಿಯರ್‌ಬಾರ್ನ್‌ನ ಕಾರು ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ತಮ್ಮ ಬರಹವನ್ನು ತಾವೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರತಿ ಅಧ್ಯಾಯಕ್ಕೂ ಸಂಖ್ಯೆ ಹಾಕಿ, ಪೆನ್‌ಡ್ರೈವ್‌ನಲ್ಲಿ ಕೊಟ್ಟರು. ಆಂಟಿಯದು ಗೆರೆ ಹಾಕಿದ ಐದು ನೋಟ್‌ಬುಕ್ಕುಗಳು.

"ನಂದು ಸ್ಪೆಸಿಫಿಕೇಶನ್ನು, ಆಕೀದು ಪುರಾಣ" ಎಂದರು ಅಂಕಲ್.

"ಪುರಾಣ ಕೇಳಲಿಕ್ಕೆ ಪುಣ್ಯಾ ಮಾಡಿರಬೇಕ್ರಿ" ಎಂದರು ಆಂಟಿ, ಒಲೆಯ ಕಡೆಯಿಂದ ತಿರುಗದೆ.

"ಐದು ಬುಕ್ಕಿನಾಗ ಒಂದ ಪಾನೂ ನನಗ ತೋರಿಸಿಲ್ಲ ನೋಡ್ರಿ."

"ಅಚ್ಚಾದ ಮ್ಯಾಲೆ ಓದೀರಂತ. ಎಲ್ಲಿ ಓಡಿ ಹೋಗತದ?"

ಊಟವಾದ ಮೇಲೆ ಅಂಕಲ್ ಗ್ಯಾರೇಜಿಗೆ ಹೋದರು. ಆಂಟಿ ನೋಟ್‌ಬುಕ್ಕುಗಳನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಡುತ್ತ ಹೇಳಿದ ಮಾತು ಇದು: "ತಂಗಿ, ಇದರಾಗ ಒಂದು ಅವರ ಸಲುವಾಗೇ ಬರದದ್ದದ. ಇಷ್ಟು ವರ್ಷ ಬಾಯಿಲೆ ಹೇಳಲಿಕ್ಕೆ ಆಗಲಿಲ್ಲ. ಬುಕ್ಕಿನಾಗ ಅವರ ಓದಿಕೊಳ್ಳಲಿ." ನಾನು "ಆಯ್ತು ಆಂಟಿ" ಎಂದೆ. ಯಾವುದು ಎಂದು ಕೇಳಲಿಲ್ಲ. ಮರಳಿ ನಾಲ್ಕೂವರೆ ಗಂಟೆ ಡ್ರೈವ್ ಮಾಡಬೇಕಾಗಿತ್ತು, ಮಂಜು ಬೀಳುವ ಮುನ್ಸೂಚನೆಯಿತ್ತು, ನನ್ನ ಮನಸ್ಸು ಆಗಲೇ ಮುಖಪುಟದಲ್ಲಿತ್ತು.

ಆಂಟಿಯ ಬಳಿ ಅವರ ತಾಯಿ ಉಟ್ಟಿದ್ದ ಒಂದು ಇಳಕಲ್ ಸೀರೆಯಿತ್ತು. ಅದರ ಮೇಲೆ ಕೈಯಿಂದ ಹಾಕಿದ ಕಸೂತಿ. ಅದನ್ನು ಅಡಿಗೆಮನೆಯ ಮೇಜಿನ ಮೇಲೆ ಹರಡಿ ಫೋಟೊ ತೆಗೆದುಕೊಂಡಿದ್ದೆ. ಅಂಕಲ್ ಪುಸ್ತಕಕ್ಕೆ ಸೀರೆಯ ಕಪ್ಪು ಒಡಲು, ಆಂಟಿಯ ಪುಸ್ತಕಕ್ಕೆ ಕೆಂಪು ಸೆರಗು. ಕಸೂತಿಯ ಗೋಪುರವೊಂದನ್ನು ನಡುವೆ ಸೀಳಿ, ಅರ್ಧವನ್ನು ಒಂದು ಪುಸ್ತಕದ ಬೆನ್ನಿಗೆ, ಉಳಿದರ್ಧವನ್ನು ಇನ್ನೊಂದರ ಬೆನ್ನಿಗೆ ಹಾಕಿದೆ. ಎರಡನ್ನೂ ಕಪಾಟಿನಲ್ಲಿ ಒತ್ತಿ ನಿಲ್ಲಿಸಿದರೆ ಗೋಪುರ ಪೂರ್ತಿಯಾಗುತ್ತದೆ. ಇದು ಹೊಳೆದ ದಿನ ನನಗೆ ನನ್ನ ಬಗ್ಗೆ ಬಹಳ ಹೆಮ್ಮೆಯಾಯಿತು.

ಗೋಪುರದ ಎರಡು ಅರ್ಧಗಳು ಸಮನಾಗಿರಬೇಕಾದರೆ ಎರಡು ಬೆನ್ನುಗಳೂ ಒಂದೇ ದಪ್ಪ ಇರಬೇಕು. ಬೆನ್ನಿನ ದಪ್ಪ ಪುಟಗಳ ಸಂಖ್ಯೆಯಿಂದ ಬರುತ್ತದೆ. ಅಂಕಲ್ ಪುಸ್ತಕ ನೂರ ನಲವತ್ತು ಪುಟವಾಗುತ್ತಿತ್ತು. ಆಂಟಿಯ ನೋಟ್‌ಬುಕ್ಕುಗಳನ್ನು ಹುಬ್ಬಳ್ಳಿಯ ಒಬ್ಬರಿಂದ ಟೈಪ್ ಮಾಡಿಸಿ ಪುಟಕ್ಕೆ ಸುರಿದು ನೋಡಿದರೆ ಇನ್ನೂರ ಐವತ್ತರ ಹತ್ತಿರ. ಅಂಕಲ್ ಪುಸ್ತಕದ ಅಕ್ಷರ ದೊಡ್ಡದು ಮಾಡಿ, ಫೋಟೊ ಸೇರಿಸಿ, ನೂರ ಅರವತ್ತೆಂಟಕ್ಕೆ ತಂದೆ. ಅದಕ್ಕಿಂತ ಹಿಗ್ಗಿಸಿದರೆ ಮಕ್ಕಳ ಪಠ್ಯಪುಸ್ತಕದ ಹಾಗೆ ಕಾಣುತ್ತಿತ್ತು. ಇನ್ನು ಆಂಟಿಯದನ್ನು ಇಳಿಸಬೇಕು.

ಅಂಕಲ್‌ಗೆ ಫೋನಿನಲ್ಲಿ ಈ ತೊಡಕನ್ನು ಹೇಳಿದ್ದೆ. ಅವರು ನಕ್ಕರು. "ಐವತ್ತು ವರ್ಷ ಆಕೀದ ಜಾಸ್ತಿ, ನಂದ ಕಡಿಮಿ. ಹಂಗ ಇರಲಿ ಬಿಡ್ರಿ" ಎಂದರು. ಆಮೇಲೆ, "ಇಲ್ಲಾಂದ್ರ ನನ್ನ ಬುಕ್ಕಿಗೆ ದಪ್ಪನ್ನ ಕಾಗದಾ ಹಾಕ್ರಲಾ? ದಪ್ಪಾನೂ ಸೇಮ್ ಆಗತದ, ಆಕೀ ಮಾತೂ ಉಳೀತಾವ" ಎಂದರು. ಅದು ಸರಿಯಾದ ಉಪಾಯವೇ. ಹಾಗೆ ಮಾಡುವವರಿದ್ದಾರೆ. ನಾನು, "ಎರಡು ಪೇಪರ್ ಹಾಕಿದ್ರೆ ಬಿಳಿ ಬಣ್ಣ ಮ್ಯಾಚ್ ಆಗಲ್ಲ ಅಂಕಲ್, ಚೆನ್ನಾಗಿರಲ್ಲ" ಎಂದೆ. ಎರಡು ಬಿಳುಪಿನ ನಡುವೆ ಎಷ್ಟು ವ್ಯತ್ಯಾಸವಿರುತ್ತದೆ ಎಂದು ಈಚೆಗೆ ಹಾಳೆಗಳನ್ನು ತರಿಸಿ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿದೆ. ಹುಡುಕಿದರೆ ಕಾಣುತ್ತದೆ.

ಬರಹಗಳನ್ನು ಹೇಗೆ ಆರಿಸಿ ತೆಗೆದೆ ಎಂಬುದನ್ನೂ ಹೇಳಬೇಕು. ಪುಟ ಕಟ್ಟುವವರಿಗೆ ಅಕ್ಷರಗಳೆಂದರೆ ಒಂದು ಬೂದು ಬಣ್ಣದ ಪಟ್ಟಿ. ಎಲ್ಲಿ ಬಿಳಿ ಬಿಟ್ಟಿದೆ, ಎಲ್ಲಿ ಸಾಲು ಒಂಟಿಯಾಗಿದೆ ಎಂದು ನೋಡುತ್ತೇವೆ. ಓದುವುದು ಕರಡು ತಿದ್ದುವವರ ಕೆಲಸ. ಅವರ ಕೈಗೆ ಹೋಗುವುದು ಆರಿಸಿ ಉಳಿಸಿದ ಬರಹಗಳು ಮಾತ್ರ. ನಾನು ಆಂಟಿಯ ಬರಹಗಳ ಶೀರ್ಷಿಕೆಗಳನ್ನು ಒಂದು ಪಟ್ಟಿ ಮಾಡಿಕೊಂಡು, ಎರಡೂ ಪುಸ್ತಕಗಳಲ್ಲಿ ಬರುವ ಪ್ರಸಂಗಗಳನ್ನು ಗುರುತು ಹಾಕಿದೆ. 'ಟ್ರಾಯ್‌ಗೆ ಬಂದದ್ದು' ಎಂಬ ಅವರ ಬರಹದ ಮೊದಲ ಪ್ಯಾರಾದಲ್ಲಿ ಬಾಡಿಗೆ ಟ್ರಕ್ಕು, ಇಪ್ಪತ್ತಾರು ರಟ್ಟಿನ ಪೆಟ್ಟಿಗೆಗಳಿದ್ದವು. ಅಂಕಲ್ ಫೈಲಿನಲ್ಲಿ 'ಟ್ರಕ್ಕು' ಎಂದು ಹುಡುಕಿದೆ. ಅಲ್ಲಿಯೂ ಸಿಕ್ಕಿತು. ಗುರುತು ಹಾಕಿದೆ. ಇದಕ್ಕೆ ಒಂದು ನಿಮಿಷವೂ ಹಿಡಿದಿರಲಾರದು.

ತೆಗೆಯುವ ಹನ್ನೊಂದರ ಪಟ್ಟಿಯನ್ನು ಆಂಟಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿದರು. ಬೇರೆ ಯಾವುದರ ಬಗ್ಗೆಯೂ ಕೇಳಲಿಲ್ಲ.

"ಟ್ರಾಯ್‌ಗೆ ಬಂದದ್ದೂ ಬ್ಯಾಡೇನು?"

"ಅಂಕಲ್ ಬುಕ್ಕಲ್ಲೇ ಇದೆಯಲ್ಲ ಆಂಟಿ. ಒಂದೇ ಕಥೆ ಎರಡು ಸಲ ಆಗತ್ತೆ."

"ಒಂದ ಕಥಿ ಅಂತೀಯೇನು?"

"ಹೂಂ ಆಂಟಿ. ಅದೇ ಶಿಫ್ಟ್ ಮಾಡಿದ್ದು, ಅದೇ ಟ್ರಕ್ಕು."

ಆ ಕಡೆ ನಲ್ಲಿಯ ನೀರು ಹರಿಯುತ್ತಿರುವುದು ಕೇಳಿಸಿತು. ಅದನ್ನು ನಿಲ್ಲಿಸಿದರು. "ಹಂಗಾರ ಬಿಡು, ತಂಗಿ" ಎಂದರು. ಈ ಮೂರು ಮಾತುಗಳು ನನಗೆ ಅಕ್ಷರಶಃ ನೆನಪಿವೆ. ಅವರ ದನಿಯಲ್ಲಿ ಬೇಸರವಿತ್ತೇ ಎಂದರೆ ಹೇಳಲಾರೆ. ನಾನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

ಪುಸ್ತಕಗಳು ಜೂನ್‌ನಲ್ಲಿ ಬಂದವು. ಬೆನ್ನಿನ ಮೇಲೆ ಗೋಪುರ ಕೂದಲೆಳೆಯಷ್ಟೂ ತಪ್ಪದೆ ಕೂಡಿತ್ತು. ಟ್ರಾಯ್‌ನ ದೇವಸ್ಥಾನದ ಸಭಾಂಗಣದಲ್ಲಿ ನೂರೈವತ್ತು ಜನ ಸೇರಿದ್ದರು. ಹಲವರು ಎರಡು ಪುಸ್ತಕಗಳನ್ನು ಜೋಡಿಸುವುದು, ಬಿಡಿಸುವುದು ಮಾಡುತ್ತಿದ್ದರು. ಒಬ್ಬ ಹಿರಿಯರು, "ಏನ್ರೀ, ಮನೇಲಿ ಇಬ್ರೂ ಇಷ್ಟು ಸಮಸಮ ಇದೀರಾ?" ಎಂದು ಅಂಕಲ್‌ರನ್ನು ಕಿಚಾಯಿಸಿದರು. "ಅದು ಡಿಸೈನರ್ ಕೈಚಳಕ. ನಮ್ಮನಿ ಲೆಕ್ಕ ಬ್ಯಾರೆ ಅದ" ಎಂದರು ಅಂಕಲ್. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಅಂಕಲ್ ತಮ್ಮ ಪುಸ್ತಕದಿಂದ ಒಂದು ಪುಟ ಓದಿದರು. ಶಿಕಾಗೊ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದಾಗ ಕೆಲಸ ಹೋಗಿ ಏಳು ತಿಂಗಳು ಮನೆಯಲ್ಲಿ ಕೂತದ್ದು, ಕೊನೆಗೆ ಡಿಯರ್‌ಬಾರ್ನ್‌ನಿಂದ ಕರೆ ಬಂದದ್ದು. ಅದರ ಕೊನೆಯ ಸಾಲುಗಳು ಹೀಗಿವೆ: 'ಹತ್ತು ದಿನದಲ್ಲಿ ಟ್ರಕ್ಕು ಹತ್ತಿದೆವು. ಸಾಮಾನು ಕಟ್ಟುವಾಗ ನನ್ನಾಕೆ ಒಂದು ಮಾತೂ ಆಡಲಿಲ್ಲ. ಆಕೆಗೆ ಶಿಕಾಗೊ ಆದರೇನು, ಟ್ರಾಯ್ ಆದರೇನು, ಎಲ್ಲವೂ ಒಂದೇ.' ಜನ ಚಪ್ಪಾಳೆ ತಟ್ಟಿದರು. ಅವರು ಅದನ್ನು ಪ್ರೀತಿಯಿಂದಲೇ ಬರೆದಿದ್ದರು, ಪ್ರೀತಿಯಿಂದಲೇ ಓದಿದರು. ಆಂಟಿ ಮೊದಲ ಸಾಲಿನಲ್ಲಿ ಕೂತಿದ್ದರು. ಅವರು ತಮ್ಮ ಪುಸ್ತಕವನ್ನು ತೆರೆದು, ಪರಿವಿಡಿಯ ಪುಟವನ್ನು ನೋಡಿ, ಮುಚ್ಚಿದರು. ಅದನ್ನು ನಾನು ಕಂಡೆ. ಅಚ್ಚು ಹೇಗೆ ಬಂದಿದೆ ಎಂದು ನೋಡುತ್ತಿದ್ದಾರೆ ಎಂದುಕೊಂಡೆ.

ಮರುವರ್ಷ ಅಕ್ಟೋಬರ್‌ನಲ್ಲಿ ಅಂಕಲ್ ತೀರಿಕೊಂಡರು. ಎದೆನೋವು ಎಂದು ಆಸ್ಪತ್ರೆಗೆ ಹೋದವರು ಮೂರನೆಯ ದಿನ ಹೋಗಿಬಿಟ್ಟರು. ಒಂದೆರಡು ತಿಂಗಳ ಬಳಿಕ ಅವರ ಮಗಳು, ಪುಸ್ತಕದಲ್ಲಿ ಸೇರದೆ ಉಳಿದದ್ದನ್ನೂ ಸೇರಿಸಿ ಎಲ್ಲ ಫೈಲುಗಳನ್ನು ಕಳಿಸುತ್ತೀರಾ ಎಂದು ಇಮೇಲ್ ಬರೆದರು. ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಫೈಲುಗಳನ್ನು ಒಟ್ಟು ಮಾಡುತ್ತಿದ್ದೆ. 'ಟ್ರಾಯ್‌ಗೆ ಬಂದದ್ದು' ತೆರೆದುಕೊಂಡಿತು. ಅಂಕಲ್ ಸಭೆಯಲ್ಲಿ ಓದಿದ್ದು ನೆನಪಾಗಿ, ಮೊದಲ ಪ್ಯಾರಾದಿಂದ ಮುಂದಕ್ಕೆ ಓದಿದೆ.

ಟ್ರಕ್ಕು ಮೊದಲ ಪ್ಯಾರಾಕ್ಕೇ ಮುಗಿಯುತ್ತದೆ. ಉಳಿದ ಏಳೂವರೆ ಪುಟ ಬೇರೆಯೇ. ಆಂಟಿ ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದ್ದರು. ಶಿಕಾಗೊದಲ್ಲಿ ಎರಡು ವರ್ಷ ಸಂಜೆಯ ತರಗತಿಗೆ ಬಸ್ಸಿನಲ್ಲಿ ಹೋಗಿ ಆಸ್ಪತ್ರೆಯ ಲ್ಯಾಬ್ ಕೆಲಸದ ಪರೀಕ್ಷೆ ಪಾಸು ಮಾಡಿದ್ದರು. ಗಂಡನಿಗೆ ಕೆಲಸವಿಲ್ಲದ ಆ ಏಳನೆಯ ತಿಂಗಳಲ್ಲಿ, ಒಂದು ಮಂಗಳವಾರ, ಶಿಕಾಗೊದ ಒಂದು ಆಸ್ಪತ್ರೆಯಿಂದ ಆಂಟಿಗೆ ಕೆಲಸದ ಪತ್ರ ಬಂತು. ವಾರದ ಕೊನೆಗೆ ಹೋಳಿಗೆ ಮಾಡಿ ಹೇಳೋಣವೆಂದು ತೊಗರಿಬೇಳೆಯ ಡಬ್ಬಿಯಲ್ಲಿಟ್ಟರು. ಗುರುವಾರ ಡಿಯರ್‌ಬಾರ್ನ್‌ನಿಂದ ಫೋನ್ ಬಂತು. ಅಂಕಲ್ ಫೋನ್ ಕೆಳಗಿಟ್ಟು ಅತ್ತುಬಿಟ್ಟರಂತೆ. ಆಂಟಿ ಬರೆದಿದ್ದಾರೆ: 'ಅವರು ಅಳುವುದನ್ನು ನಾನು ಅದೇ ಮೊದಲು ಕಂಡದ್ದು. ಪತ್ರದ ವಿಷಯ ಹೇಳಲಿಲ್ಲ. ಎರಡು ದಿನ ಆ ಕೆಲಸ ನನ್ನದಾಗಿತ್ತು. ಹೋಳಿಗೆ ಮಾಡಿದೆ. ತಮ್ಮ ಕೆಲಸ ಸಿಕ್ಕಿದ್ದಕ್ಕೆ ಎಂದುಕೊಂಡು ತಿಂದರು.' ಬರಹದ ಕೊನೆ ಹೀಗಿದೆ: 'ಇದನ್ನು ಓದಿ ಅವರು ಏನಾದರೂ ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಸರಿ. ಗೊತ್ತಿರಲಿ.'

ಆ ಶನಿವಾರವೇ ಟ್ರಾಯ್‌ಗೆ ಹೋದೆ. ಎಂಟು ಪುಟಗಳನ್ನು ಮುದ್ರಿಸಿ ತೆಗೆದುಕೊಂಡು ಹೋಗಿದ್ದೆ. ಆಂಟಿ ಚಹಾ ಮಾಡಿದರು, ದಾರಿಯಲ್ಲಿ ಸ್ನೋ ಇತ್ತೇ ಎಂದು ಕೇಳಿದರು. "ಆಂಟಿ, ಅವತ್ತು ಫೋನಲ್ಲಿ ಒಂದೇ ಕಥೆ ಅಂದೆನಲ್ಲ, ಆಗ ನಾನು ಅದನ್ನ ಓದೇ ಇರಲಿಲ್ಲ" ಎಂದೆ.

ಅವರು ಕಪ್ಪನ್ನು ಕೆಳಗಿಟ್ಟರು. "ಓದಿದ್ದಿಲ್ಲಾ?"

"ಇಲ್ಲ. ಮೊದಲ ಪ್ಯಾರಾ ಅಷ್ಟೇ."

ಹೊರಗೆ ಯಾರೋ ತಮ್ಮ ಡ್ರೈವ್‌ವೇಯ ಹಿಮ ಬಾಚುತ್ತಿದ್ದರು. ಆಮೇಲೆ ಆಂಟಿ ನಿಧಾನವಾಗಿ ಹೇಳಿದರು: "ನಾ ಏನ ತಿಳಕೊಂಡೆ ಗೊತ್ತೇನು? ಓದಿದಾಕೀಗೇ ಎರಡೂ ಒಂದ ಅನಿಸ್ಯಾವ. ಅಂದ್ರ ಸಣ್ಣ ವಿಷಯ ಇದ್ದದ್ದನ್ನ ನಾನ ಇಷ್ಟು ವರ್ಷ ದೊಡ್ಡದು ಮಾಡಿ ಇಟಗೊಂಡೀನಿ, ಅಂತ. ಬುಕ್ಕಿನಾಗ ಬರದಿದ್ರ ಏನಾತು, ಬಾಯಿಲೇ ಹೇಳಿಬಿಡೂಣು ಅಂತ ಎರಡ ಸಲ ಅವರ ಮುಂದ ಹೋಗಿ ಕೂತೆ. ನಿನ್ನ ಮಾತು ನೆನಪಾಗಿ ಎದ್ದು ಬಂದೆ."

ಪುಸ್ತಕವನ್ನು ಪೂರ್ತಿಯಾಗಿ, ಎಷ್ಟು ದಪ್ಪ ಬಂದರೂ ಸರಿ, ಮತ್ತೆ ಮಾಡಿಕೊಡುತ್ತೇನೆ ಎಂದೆ.

"ಯಾರಿಗೆ? ಮಗಳಿಗೆ ಓದಲಿಕ್ಕೆ ಬರೂದಿಲ್ಲ. ಮೊಮ್ಮಕ್ಕಳು ಅಜ್ಜಿ ಅಂತ ಕರದು ಮುಂದಿಂದೆಲ್ಲಾ ಇಂಗ್ಲಿಷಿನಾಗ ಹೇಳ್ತಾರ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಲ್ಲಿ ಕೂರುವುದು ಸುಲಭವಾಗುತ್ತಿತ್ತು.

ನಾನು ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಪ್ರತಿ ಸಾಲನ್ನೂ ಓದಿದರು. ನಾನು ಕಾದೆ. ಐದನೆಯ ಹಾಳೆಯಲ್ಲಿ ನಿಂತು ಪೆನ್ನು ಕೇಳಿದರು. 'ಗುರುವಾರ' ಎಂಬುದನ್ನು ಹೊಡೆದುಹಾಕಿ ಮೇಲೆ 'ಬುಧವಾರ' ಎಂದು ಬರೆದರು. ಎರಡು ಸಾಲು ಕೆಳಗೆ 'ಎರಡು' ಎಂಬುದನ್ನು ಹೊಡೆದು 'ಒಂದು' ಎಂದು ಬರೆದರು.

"ತಪ್ಪು ಬರದಿದ್ದೆ. ಒಂದ ದಿನಾ ಇತ್ತದು ನನ್ನ ಹತ್ರ" ಎಂದರು. ಪೆನ್ನನ್ನು ಮರಳಿಸಿ, ಮುಂದಿನ ಹಾಳೆ ತಿರುಗಿಸಿದರು.